ಕೀಂ ಅಂದದ್ದಕ್ಕೆಲ್ಲ ಕೊಬ್ಬರಿ ಎಣ್ಣೆ

ಕೊಬ್ಬರಿ ಎಣ್ಣೆಯಿಂದ ವಾಸಿಯಾಗದ ರೋಗ ಯಂತ್ರಗಳಿಗೆ ಇಲ್ಲ ಅನ್ನುವುದು ನಮ್ಮ ಚಿಕ್ಕಪ್ಪನ ನಂಬಿಕೆ. ಗೇಟು, ಹೊಲಿಗೆ ಮಿಷನ್ನು, ಉಯ್ಯಾಲೆಯ ಸರಪಳಿ, ಎಲ್ಲದಕ್ಕೂ ಅದೇ ಬಾಟಲಿ. ಹಾಗಾಗಿ ಅವರ ಮಗ ತಂದ ಹೊಸ ಸೈಕಲ್ಲು ಬ್ರೇಕ್ ಹಿಡಿದಾಗ "ಕೀಂ" ಅಂದದ್ದೇ ತಡ, ಬಾಟಲಿ ಅಂಗಳಕ್ಕೆ ಬಂತು. ಪುಣ್ಯಕ್ಕೆ ನಾವ್ಯಾರೂ ನೋಡಲಿಲ್ಲ. ನೋಡಿದ್ದರೂ ತಡೆಯುವ ಧೈರ್ಯ ಯಾರಿಗಿತ್ತು?

ಸೈಕಲ್ಲಿಗೆ ಇದ್ದದ್ದು ಡಿಸ್ಕ್ ಬ್ರೇಕು. ಹಳೇ ಸೈಕಲ್ಲಿನಲ್ಲಿ ರಬ್ಬರ್ ತುಂಡು ರಿಮ್ಮನ್ನೇ ಹಿಡಿಯುತ್ತದೆ. ಇಲ್ಲಿ ಚಕ್ರದ ನಡುವೆ ಉಕ್ಕಿನ ತಟ್ಟೆಯೊಂದು ಚಕ್ರದ ಜೊತೆಗೇ ತಿರುಗುತ್ತಿರುತ್ತದೆ. ಅದನ್ನು ಕವುಚಿಕೊಂಡು ಕೂತ ಕ್ಯಾಲಿಪರ್ ಅನ್ನುವ ಹಿಡಿಕೆಯ ಒಳಗಿನ ಎರಡು ಪ್ಯಾಡುಗಳು ಅದನ್ನು ಆಚೆ ಈಚೆಯಿಂದ ಅಮುಕುತ್ತವೆ. ಉಜ್ಜಾಟದಲ್ಲಿ ಓಟವೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತದೆ, ಗಾಡಿ ನಿಲ್ಲುತ್ತದೆ. ಉಜ್ಜುವ ಜಾಗಕ್ಕೇ ಎಣ್ಣೆ ಸವರಿದರೆ?

ಹುಡುಗ ಎದುರು ಮನೆಯವರ ರಂಗೋಲಿ ದಾಟಿ, ಅವರ ದಾಸವಾಳದ ಬೇಲಿಯಲ್ಲಿ ನಿಂತ. ಮೊಣಕೈ ತರಚಿತ್ತು. ಚಿಕ್ಕಪ್ಪ ಓಡಿ ಬಂದು ಕೇಳಿದ ಮೊದಲ ಪ್ರಶ್ನೆ, "ಕೀಂ ಅನ್ನೋದು ನಿಂತಿತಾ?" ನಿಂತಿತ್ತು. ಸದ್ದೊಂದೇ ನಿಂತದ್ದು.

ಈ ಕೀರಲು ಹೊಸದೇನೂ ಅಲ್ಲ. ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಕಾರಿನ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದ. ಅವನ ಪ್ಯಾಡು ತಾಮ್ರದ್ದು. ಲೋಹಕ್ಕೆ ಲೋಹ ಉಜ್ಜಿದರೆ ಕಿವಿ ಉಳಿಯುತ್ತಾ? ಡಿಸ್ಕ್ ಬ್ರೇಕಿಗೆ ನಿಜವಾದ ಮರ್ಯಾದೆ ಸಿಕ್ಕಿದ್ದು 1953ರಲ್ಲಿ, ಅದನ್ನು ಹಾಕಿಕೊಂಡ ಜಾಗ್ವಾರ್ ಕಾರು ಫ್ರಾನ್ಸಿನ ಲ ಮಾನ್ಸ್ ರೇಸು ಗೆದ್ದಾಗ. ಇದನ್ನೆಲ್ಲ ಹೇಳಿದರೆ ಚಿಕ್ಕಪ್ಪ, "ಪಾಪ, ಆ ಊರಲ್ಲಿ ಕೊಬ್ಬರಿ ಎಣ್ಣೆ ಸಿಗ್ತಿರಲಿಲ್ಲ ಅನ್ಸುತ್ತೆ" ಅಂದರು.

ಸೈಕಲ್ಲು ಅಂಗಡಿಗೆ ಹೋಯಿತು. ಮೆಕ್ಯಾನಿಕ್ ಹುಡುಗ ಪ್ಯಾಡು ಮೂಸಿ ನೋಡಿ, "ಯಾರೋ ತಲೆಗೆ ಹಚ್ಚೋದನ್ನ ಇದಕ್ಕೆ ಹಚ್ಚಿದಾರೆ" ಅಂದ. ಎಣ್ಣೆ ಕುಡಿದ ಪ್ಯಾಡು ಕಸಕ್ಕೇ ಹೋಗಬೇಕು. ಡಿಸ್ಕನ್ನು ಸ್ಪಿರಿಟ್‌ನಲ್ಲಿ ಒರೆಸಿದ. ಹೊಸ ಪ್ಯಾಡು ಹಾಕಿ, ಚಕ್ರ ಇನ್ನೂ ಹೊರಗಿದ್ದಾಗ, ಟೀ ತರಲು ಹೋದ. ಚಿಕ್ಕಪ್ಪ ಸುಮ್ನೆ ಇರಬೇಕಲ್ಲ. ಬ್ರೇಕ್ ಲಿವರನ್ನು ಚೆನ್ನಾಗಿ ಒತ್ತಿ ಒತ್ತಿ "ಟೆಸ್ಟ್" ಮಾಡಿದರು.

ಎರಡೂ ಪ್ಯಾಡು ಒಂದಕ್ಕೊಂದು ಅಂಟಿಕೊಂಡವು. ನಡುವೆ ಡಿಸ್ಕು ತೂರಲು ಜಾಗವೇ ಇಲ್ಲ. ತಪ್ಪು ಬ್ರೇಕಿನದಲ್ಲ. ಪ್ಯಾಡು ಸವೆದಷ್ಟೂ ಅದನ್ನು ಹಿಂದಿನಿಂದ ತಳ್ಳುವ ಪಿಸ್ಟನ್ ತಾನಾಗಿ ಮುಂದೆ ಬಂದು ಕೂರುವಂತೆ ಅದನ್ನು ಮಾಡಿರುತ್ತಾರೆ. ಲಿವರ್ ಬಿಟ್ಟಾಗ ಸುತ್ತಲಿನ ರಬ್ಬರ್ ಸೀಲು ಅದನ್ನು ಒಂದು ಕೂದಲೆಳೆಯಷ್ಟು ಮಾತ್ರ ಹಿಂದಕ್ಕೆಳೆಯುತ್ತದೆ. ಡಿಸ್ಕೇ ಇಲ್ಲದಿದ್ದರೆ, ಪ್ಯಾಡು ಪೂರ್ತಿ ಸವೆದಿದೆ ಅಂದುಕೊಂಡು ಪಿಸ್ಟನ್ ಬರುತ್ತಲೇ ಇರುತ್ತದೆ.

ಟೀ ಲೋಟ ಕೆಳಗಿಟ್ಟ ಹುಡುಗ ಬೈಯಲಿಲ್ಲ, ಪಾಪ. ಪ್ಯಾಡು ತೆಗೆದು, ಪಿಸ್ಟನ್ನುಗಳನ್ನು ಮೆಲ್ಲಗೆ ಹಿಂದಕ್ಕೆ ತಳ್ಳುತ್ತಾ, "ಒಳಗೆ ಆಯಿಲ್ ಇದೆ ಯಜಮಾನ್ರೇ, ನೀವು ಒತ್ತಿದ್ರೆ ಅದು ಪಿಸ್ಟನ್ ತಳ್ಳುತ್ತೆ" ಅಂದ. ಅಷ್ಟು ಹೇಳಬಾರದಿತ್ತು.

"ಒಳಗೆ ಎಣ್ಣೆ ಇದೆಯಾ!" ಚಿಕ್ಕಪ್ಪನ ಮುಖ ಅರಳಿತು. ನನ್ನ ಕಡೆ ತಿರುಗಿ, "ನೋಡಿದ್ಯೇನೋ?" ಅಂದರು.

ಹುಡುಗ ಬಿಡಿಸಿ ಹೇಳಿದ. ಕೆಲವು ಸೈಕಲ್ಲಿಗೆ ಮಿನರಲ್ ಆಯಿಲ್, ಕೆಲವಕ್ಕೆ ಕಾರಿನಲ್ಲಿರುವಂಥದ್ದೇ ಡಾಟ್ ಆಯಿಲ್. ಇದರಲ್ಲಿ ಅದು ಹಾಕಿದರೆ ಸೀಲು ಹಾಳು. ಡಾಟ್ ಆಯಿಲ್ ಗಾಳಿಯ ತೇವ ಹೀರುತ್ತೆ. ಹಳೇ ಆಯಿಲ್ ಇಟ್ಟುಕೊಂಡು ಕಾರಲ್ಲಿ ಚಾಮುಂಡಿ ಬೆಟ್ಟದಿಂದ ಬ್ರೇಕ್ ಒತ್ತಿಕೊಂಡೇ ಇಳಿದರೆ, ಬಿಸಿಗೆ ಆ ನೀರು ಕುದ್ದು ಆವಿಯಾಗುತ್ತೆ. ಎಣ್ಣೆ ಅಮುಕಿದರೆ ಕುಗ್ಗಲ್ಲ, ಆವಿ ಕುಗ್ಗುತ್ತೆ. ಪೆಡಲ್ ಒತ್ತಿದರೆ ಮೆತ್ತಗೆ ಕೆಳಗೆ ಹೋಗುತ್ತೆ, ಕಾರು ಮಾತ್ರ ನಿಲ್ಲಲ್ಲ. ಗೇರ್ ಇಳಿಸಿಕೊಂಡು ಬನ್ನಿ ಅನ್ನೋದು ಅದಕ್ಕೇ.

ಚಿಕ್ಕಪ್ಪ ಎಲ್ಲ ಕೇಳಿಸಿಕೊಂಡು, "ಕೊಬ್ಬರಿ ಎಣ್ಣೆ ನೀರು ಹೀರಲ್ಲ, ಅಲ್ವಾ?" ಅಂದರು.

ಹುಡುಗ ಸ್ವಲ್ಪ ಹೊತ್ತು ಯೋಚಿಸಿದ. "ಹೀರಲ್ಲ. ಆದ್ರೆ ಡಿಸೆಂಬರಲ್ಲಿ ಪೈಪೊಳಗೇ ಗಟ್ಟಿಯಾಗುತ್ತೆ."

"ಹಾಗಾದ್ರೆ ಎಳ್ಳೆಣ್ಣೆ?"