ಸತ್ಯಾಂಶ: ಕಡಲತೀರದಲ್ಲಿ ಚಿನ್ನವನ್ನಷ್ಟೇ ಹುಡುಕುವ ಅಗ್ಗದ ಯಂತ್ರ ಇದೆಯೇ?

ಕೆಲವೇ ಸಾವಿರ ರೂಪಾಯಿಯ ಮೆಟಲ್ ಡಿಟೆಕ್ಟರ್ ಕಡಲತೀರದ ಮರಳಿನಡಿ ಹಲವು ಅಡಿ ಆಳದಲ್ಲಿರುವ ಚಿನ್ನವನ್ನು ಮಾತ್ರ ಗುರುತಿಸುತ್ತದೆ ಎಂಬ ಸಂದೇಶ ಆಗಾಗ ಮೊಬೈಲಿಗೆ ಬರುತ್ತದೆ. ಇದು ನಿಜವಲ್ಲ.

ಯಂತ್ರದ ಸುರುಳಿ ಕಾಂತಕ್ಷೇತ್ರವನ್ನು ಹೊಮ್ಮಿಸಿ, ಅದರಿಂದ ಲೋಹದಲ್ಲಿ ಹುಟ್ಟುವ ವಿದ್ಯುತ್ತಿನ ಮರುಸಂಕೇತವನ್ನು ಹಿಡಿಯುತ್ತದೆ. ಲೋಹದ ಹೆಸರು ಅದಕ್ಕೆ ತಿಳಿಯದು. ತೆಳುವಾದ ಚಿನ್ನದ ಉಂಗುರಕ್ಕೂ ತಂಪು ಪಾನೀಯದ ಡಬ್ಬಿಯ ಅಲ್ಯೂಮಿನಿಯಂ ಕೊಂಡಿಗೂ ಅದು ಬಹುಮಟ್ಟಿಗೆ ಒಂದೇ ಬಗೆಯಲ್ಲಿ ಸದ್ದು ಮಾಡುತ್ತದೆ. ಆಳದ ಮಾತೂ ಉತ್ಪ್ರೇಕ್ಷೆ: ಅಗ್ಗದ ಯಂತ್ರಕ್ಕೆ ಉಂಗುರದಷ್ಟು ಚಿಕ್ಕ ವಸ್ತು ಒಂದು ಗೇಣಿನೊಳಗಿದ್ದರೆ ಸಿಕ್ಕೀತು.

ಕಡಲತೀರದ ನಿಜವಾದ ತೊಡಕು ಉಪ್ಪುನೀರು. ಅದೂ ವಿದ್ಯುತ್ ವಾಹಕವೇ. ಒಂದೇ ಆವರ್ತನದ (ಕಾಂತಕ್ಷೇತ್ರ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬ ಲೆಕ್ಕ) ಯಂತ್ರ ಒಣಮರಳಿನಲ್ಲಿ ಚೆನ್ನಾಗಿಯೇ ನಡೆದು, ಅಲೆ ತೋಯಿಸಿದ ಜಾಗಕ್ಕೆ ಬಂದೊಡನೆ ಸುಮ್ಮಸುಮ್ಮನೆ ಕೂಗತೊಡಗುತ್ತದೆ. ಸೂಕ್ಷ್ಮತೆಯನ್ನು ತಗ್ಗಿಸಿದರೆ ಕೂಗು ಅಡಗುತ್ತದೆ, ಜೊತೆಗೆ ಆಳವೂ ಕುಗ್ಗುತ್ತದೆ. ಬಹು ಆವರ್ತನದ ಮಾದರಿಗಳು ಮತ್ತು ಕಾಂತಕ್ಷೇತ್ರವನ್ನು ಬಿಟ್ಟುಬಿಟ್ಟು ಮಿಡಿತಗಳಾಗಿ ಹೊಮ್ಮಿಸುವ ಪಲ್ಸ್ ಇಂಡಕ್ಷನ್ ಮಾದರಿಗಳು ಇದನ್ನು ತಾಳಿಕೊಳ್ಳುತ್ತವೆ. ಆದರೆ ಎರಡನೆಯದು ತುಕ್ಕು ಹಿಡಿದ ಮೊಳೆಗೂ ಅಷ್ಟೇ ಉತ್ಸಾಹದಿಂದ ಕೂಗುತ್ತದೆ. ಒಣಮರಳಿನಲ್ಲಷ್ಟೇ ಹುಡುಕುವವರಿಗೆ ಅಗ್ಗದ್ದೇ ಸಾಕು ಎಂಬುದು ನನ್ನ ಅಭಿಪ್ರಾಯ.

ಪರೀಕ್ಷಿಸುವುದು ಕಷ್ಟವಲ್ಲ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ, ಕಬ್ಬಿಣದ ಹಿಡಿ ಇಲ್ಲದಿರಲಿ, ಮರಳು ತುಂಬಿ ಉಪ್ಪುನೀರು ಸುರಿದು ಸುರುಳಿಯನ್ನು ಮೇಲೆ ಆಡಿಸಿ. ಉಂಗುರವನ್ನೂ ಡಬ್ಬಿಯ ಕೊಂಡಿಯನ್ನೂ ಸರದಿಯಂತೆ ಹೂತು ಸದ್ದನ್ನು ಹೋಲಿಸಿ. ಕೊಳ್ಳುವ ಮೊದಲೇ ಆದರೆ ಕೈಪಿಡಿ ಓದಿ: ಆವರ್ತನ ಎಷ್ಟು, ಉಪ್ಪುಮರಳಿಗೆ ಹೊಂದಿಸುವ ವ್ಯವಸ್ಥೆ ಇದೆಯೇ, ನೀರು ತಡೆಯುವುದು ಸುರುಳಿ ಮಾತ್ರವೋ ಇಡೀ ಯಂತ್ರವೋ. ಸಂದೇಶದೊಂದಿಗೆ ಬರುವ ವಿಡಿಯೊದಲ್ಲಿ ಅಗೆದ ಜಾಗ ಒದ್ದೆಯೋ ಒಣಗಿದ್ದೋ ಎಂಬುದನ್ನೂ ಗಮನಿಸಿ.