ಜವಾನನ ಸಂಬಳ, ಸಾಹೇಬರ ಕುರ್ಚಿ

ಸಾಲ ಕಟ್ಟದ ಸರ್ಕಾರಿ ನೌಕರನ ಮೇಲೆ ಡಿಕ್ರಿ, ಅಂದರೆ ದುಡ್ಡು ಕಟ್ಟು ಅನ್ನುವ ಕೋರ್ಟಿನ ತೀರ್ಪು, ಆಯಿತು ಅಂದರೆ ಸಾಲ ಕೊಟ್ಟವರು ನಿಶ್ಚಿಂತೆಯಿಂದ ನಿದ್ದೆ ಮಾಡಬಹುದು. ಕೋರ್ಟಿನಿಂದ ಕಚೇರಿಗೆ ಆದೇಶ ಬರುತ್ತದೆ, ಸಂಬಳದ ಬಿಲ್ಲಿನಲ್ಲೇ ಕಡಿತ ಶುರು. ಕತ್ತರಿಸದೆ ಪೂರ್ತಿ ಸಂಬಳ ಕೊಟ್ಟುಬಿಟ್ಟರೆ ಆ ದುಡ್ಡಿಗೆ ಸರ್ಕಾರವೇ ಹೊಣೆ. ಹಾಗಾಗಿ ಬೇರೆ ಫೈಲುಗಳು ಆಮೆಯಾದರೂ ಈ ಫೈಲು ಮಾತ್ರ ಕುದುರೆ.

ಕಾನೂನಿಗೆ ಕರುಣೆ ಇಲ್ಲ ಅನ್ನಬೇಡಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಪ್ರಕಾರ ಮೊದಲ 1,000 ರೂಪಾಯಿ, ಜೊತೆಗೆ ಉಳಿದದ್ದರಲ್ಲಿ ಮೂರನೇ ಎರಡು ಪಾಲು ಮುಟ್ಟುವ ಹಾಗಿಲ್ಲ. ಲೆಕ್ಕಕ್ಕೆ ಬರುವ ಸಂಬಳ 31,000 ಇದ್ದರೆ 10,000 ಹೋಯಿತು. ಆ 1,000 ಜಾರಿಗೆ ಬಂದದ್ದು 2002ರಲ್ಲಿ. ಆಮೇಲೆ ಗ್ಯಾಸ್ ಸಿಲಿಂಡರ್ ಬೆಲೆ ಎಲ್ಲೆಲ್ಲಿಗೋ ಹೋಯಿತು, ಅದು ಮಾತ್ರ ಅಲ್ಲೇ ಕೂತಿದೆ. ಸಸ್ಪೆಂಡ್ ಆದವರ ಜೀವನಾಧಾರ ಭತ್ಯೆಗೆ ಮಾತ್ರ ಪೂರ್ತಿ ರಕ್ಷಣೆ. ಲಂಚ ತಿಂದು ಸಿಕ್ಕಿಬಿದ್ದು ಸಸ್ಪೆಂಡ್ ಆದವರ ಭತ್ಯೆಯನ್ನು ಯಾರೂ ಮುಟ್ಟುವ ಹಾಗಿಲ್ಲ. ನಿಯತ್ತಾಗಿ ದುಡಿದರೆ ಕತ್ತರಿ!

ಸರಿ, ಸರ್ಕಾರವೇ ಸಾಲಗಾರ ಆದರೆ? ರೈತರ ಜಮೀನು ತಗೊಂಡು, ಕೋರ್ಟು ಹೇಳಿದ ಹೆಚ್ಚುವರಿ ಪರಿಹಾರ ಕೊಡದೆ ಕೂತರೆ? ಮೊದಲು ಮೂರು ತಿಂಗಳು ಯಾರೂ ತಂಟೆಗೆ ಬರುವಂತಿಲ್ಲ, ಅದೇ ಸಂಹಿತೆಯ 82ನೇ ಕಲಂ ಕಾಯುತ್ತದೆ. ಆಮೇಲೆ ಸರ್ಕಾರಕ್ಕೆ ಸಂಬಳವೇ ಇಲ್ಲವಲ್ಲ, ಕತ್ತರಿಸೋದು ಎಲ್ಲಿಂದ? ಕೊನೆಗೆ ಕೋರ್ಟಿನ ಅಮೀನರು ಉಪವಿಭಾಗಾಧಿಕಾರಿ ಕಚೇರಿಗೆ ಬಂದು ಕಂಪ್ಯೂಟರ್, ಬೀರು, ಜೀಪು ಜಪ್ತಿ ಮಾಡಬೇಕು. ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಇದು ಮಳೆ ವರದಿಯಷ್ಟೇ ಮಾಮೂಲು. ಅಪಘಾತದ ಪರಿಹಾರ ಕೊಡದೆ ಸಾರಿಗೆ ಬಸ್ಸುಗಳೂ ಜಪ್ತಿಯಾಗಿವೆ. ಲಕ್ಷಗಟ್ಟಲೆ ಬಾಕಿಗೆ ಸಿಗೋದು ಕೀಲಿ ಒತ್ತಿದರೆ ಏಳದ ಕಂಪ್ಯೂಟರ್, ಒಂದು ಕೈ ಮುರಿದ ಕುರ್ಚಿ.

ಅದನ್ನೂ ಒಯ್ಯಲು ಬಿಡುತ್ತಾರಾ? ಕುರ್ಚಿ ಲಗೇಜ್ ಆಟೋ ಹತ್ತುವಾಗ ಸಾಹೇಬರು ಓಡಿ ಬರುತ್ತಾರೆ. "ಎಂಟು ದಿನ ಟೈಮ್ ಕೊಡಿ, ಮೇಲಿನವರಿಗೆ ಬರೆದಿದ್ದೀವಿ." ಸರಿ ಅಂತ ಕುರ್ಚಿ ಇಳಿಯುತ್ತದೆ. ಅದನ್ನು ಹೊತ್ತು ಒಳಗಿಡುವವನು ಅದೇ ಕಚೇರಿಯ ಜವಾನ. ಕುರ್ಚಿ ಇಟ್ಟು, ಬೆವರು ಒರೆಸಿಕೊಂಡು, ಸಂಬಳದ ಕೇಸ್ ವರ್ಕರ್ ಟೇಬಲ್ ಹತ್ತಿರ ನಿಲ್ಲುತ್ತಾನೆ.

"ಮೇಡಂ, ಮಗಳ ಫೀಸ್ ಕಟ್ಟಬೇಕು. ಈ ತಿಂಗಳು ಒಂದು ಕಟಾವಣೆ ಬಿಡೋಕಾಗಲ್ವಾ?"

"ಅಯ್ಯೋ, ಕೋರ್ಟ್ ಆರ್ಡರ್ ಕಣಪ್ಪ! ಮೀರೋಕಾಗುತ್ತಾ?"