ಕಡಲಡಿಯ ಕೇಬಲ್ ತುಂಡಾದರೆ ಯಾರ ಅನುಮತಿ ಬೇಕು?

ಬೆಳ್ಳಂದೂರು, ವೈಟ್‌ಫೀಲ್ಡಿನ ಕಚೇರಿಗಳಿಂದ ಯುರೋಪಿಗೆ ಹೋಗುವ ಡೇಟಾ ಹೆಚ್ಚಾಗಿ ಮುಂಬೈಯಲ್ಲೋ ಚೆನ್ನೈಯಲ್ಲೋ ಕಡಲಿಗಿಳಿದು ಕೆಂಪು ಸಮುದ್ರದ ತಳದಲ್ಲಿ ಸಾಗುತ್ತದೆ. 2024ರ ಫೆಬ್ರುವರಿಯಲ್ಲಿ ಅಲ್ಲಿ ಮೂರು ಕೇಬಲ್‌ಗಳು ತುಂಡಾದವು. ಯೆಮೆನ್‌ನ ಹೂತಿ ಬಂಡುಕೋರರ ಕ್ಷಿಪಣಿ ತಗುಲಿ ತೇಲುತ್ತಿದ್ದ ರುಬಿಮಾರ್ ಹಡಗಿನ ಲಂಗರು ಎಳೆದದ್ದೇ ಕಾರಣ ಎನ್ನುವುದು ಬಲವಾದ ಅಂದಾಜು. ಆ ಮೂರರಲ್ಲಿ ಒಂದಾದ, ಮುಂಬೈ ಮುಟ್ಟುವ ಎಎಇ-1 ಕೇಬಲ್ ಸರಿಹೋಗಿದ್ದು ಜುಲೈಯಲ್ಲಿ.

ದುರಸ್ತಿಯ ಕೆಲಸಕ್ಕೆ ಇಷ್ಟು ಸಮಯ ಬೇಕಿಲ್ಲ. ದಡದ ಸ್ಟೇಷನ್ನಿನಿಂದ ಬೆಳಕಿನ ಮಿಡಿತ ಕಳಿಸಿ, ಅದು ಮರಳುವ ಸಮಯ ನೋಡಿ, ಎಲ್ಲಿ ತುಂಡಾಗಿದೆ ಎಂದು ಲೆಕ್ಕ ಹಾಕುತ್ತಾರೆ. ಹಡಗು ಕೊಕ್ಕೆ ಇಳಿಸಿ ಒಂದು ತುದಿಯನ್ನು ಎತ್ತಿ, ಪರೀಕ್ಷಿಸಿ, ತೇಲುಬುರುಡೆಗೆ ಕಟ್ಟುತ್ತದೆ. ಇನ್ನೊಂದು ತುದಿ ಹಿಡಿದು, ನಡುವೆ ಹೆಚ್ಚುವರಿ ಕೇಬಲ್ ಬೆಸೆದು ಇಳಿಸುತ್ತದೆ. ಆಳ ಕಡಲಿನ ಕೇಬಲ್ ಬೆರಳಿನಷ್ಟೇ ದಪ್ಪ. ಹವೆ ಚೆನ್ನಾಗಿದ್ದರೆ ಸ್ಥಳದಲ್ಲಿ ಕೆಲವು ದಿನಗಳ ಕೆಲಸ. ಕೆಂಪು ಸಮುದ್ರದಲ್ಲಿ ತಿಂಗಳುಗಳು ಕಳೆದದ್ದು ಯುದ್ಧಭಯದಿಂದ, ಜೊತೆಗೆ ಯೆಮೆನ್‌ನ ಅನುಮತಿಗಾಗಿ ಕಾದು.

1982ರ ಸಮುದ್ರ ಕಾನೂನು ಒಪ್ಪಂದದಲ್ಲಿ ಈ ವಿಷಯ ಸ್ಪಷ್ಟವಾಗಿದೆ. ದಡದಿಂದ 12 ನಾಟಿಕಲ್ ಮೈಲಿವರೆಗೆ, ಅಂದರೆ ಸುಮಾರು 22 ಕಿಲೋಮೀಟರ್, ಕರಾವಳಿ ದೇಶವೇ ಒಡೆಯ. ಅಲ್ಲಿಂದ 200 ಮೈಲಿವರೆಗೆ ಅದಕ್ಕಿರುವುದು ಮೀನು, ತೈಲ, ಖನಿಜದಂಥ ಸಂಪತ್ತಿನ ಹಕ್ಕು. ಅಲ್ಲಿ ಹಡಗು ಓಡಿಸಲು, ಕೇಬಲ್ ಹಾಕಲು ಎಲ್ಲ ದೇಶಗಳಿಗೂ ಸ್ವಾತಂತ್ರ್ಯವಿದೆ, ಕರಾವಳಿ ದೇಶದ ಹಕ್ಕಿಗೆ ಗಮನ ಕೊಟ್ಟು. 79ನೇ ವಿಧಿಯ ಪ್ರಕಾರ ಹಾದಿ ಗುರುತಿಸಲು ಒಪ್ಪಿಗೆ ಬೇಕಾದದ್ದು ಪೈಪ್‌ಲೈನಿಗೆ ಮಾತ್ರ. ನಮ್ಮ 1976ರ ಸಾಗರ ವಲಯಗಳ ಕಾಯ್ದೆಯ 6ನೇ ಕಲಂ ಕೇಬಲ್‌ಗೂ ಕೇಂದ್ರದ ಒಪ್ಪಿಗೆ ಕೇಳುತ್ತದೆ. ನಾವು 1995ರಲ್ಲಿ ಒಪ್ಪಂದವನ್ನು ಅನುಮೋದಿಸಿದ ಮೇಲೆ ಇದನ್ನು ತಿದ್ದಬೇಕಿತ್ತು. ನಮ್ಮ ಡೇಟಾ ಈಜಿಪ್ಟ್, ಯೆಮೆನ್, ಸಿಂಗಪುರದ ಕಡಲು ದಾಟಿಯೇ ಹೋಗಬೇಕು; ಅವರಿಂದ ಬಯಸುವ ಸಲೀಸನ್ನು ನಾವೂ ಕೊಡಬೇಕಲ್ಲವೇ?

ಭದ್ರತೆಯ ಆತಂಕ ಸುಳ್ಳಲ್ಲ. ಕೇಬಲ್ ಹಡಗಿನ ವೇಷದಲ್ಲಿ ಬೇಹುಗಾರಿಕೆ ನಡೆಯಬಹುದು. ಅದಕ್ಕೆ ಹಡಗು, ಸಿಬ್ಬಂದಿಯ ತಪಾಸಣೆಯನ್ನು ಮೊದಲೇ ಮುಗಿಸಿ ವರ್ಷಕ್ಕೊಮ್ಮೆ ಪರವಾನಗಿ ಕೊಡಬಹುದು. ದುರಸ್ತಿಯ ಹೊತ್ತಿಗೆ ಸ್ಥಳದ ಮಾಹಿತಿ ಪಡೆದು, 12 ಮೈಲಿಯೊಳಗಾದರೆ ನಮ್ಮ ವೀಕ್ಷಕರನ್ನು ಹತ್ತಿಸಿದರಾಯಿತು. ಕೇಬಲ್ ತುಂಡಾದ ಮೇಲೆ ಕಡತ ತೆರೆಯುವುದೇ ತಪ್ಪು.

ಇನ್ನೊಂದು ಕಡೆ ಕರಾವಳಿ ದೇಶದ ಕೈ ತೀರಾ ಕಟ್ಟಿಹೋಗಿದೆ. 2024ರ ಡಿಸೆಂಬರ್ 25ರಂದು ಫಿನ್‌ಲೆಂಡ್ ಬಳಿ ಈಗಲ್ ಎಸ್ ಹಡಗಿನ ಲಂಗರು ವಿದ್ಯುತ್ ಮತ್ತು ಸಂಪರ್ಕ ಕೇಬಲ್‌ಗಳನ್ನು ಹರಿಯಿತು. 2025ರ ಅಕ್ಟೋಬರ್‌ನಲ್ಲಿ ಹೆಲ್ಸಿಂಕಿ ನ್ಯಾಯಾಲಯ ತನಗೆ ಅಧಿಕಾರವ್ಯಾಪ್ತಿ ಇಲ್ಲವೆಂದು ಮೊಕದ್ದಮೆ ಕೈಬಿಟ್ಟಿತು. 12 ಮೈಲಿಯಾಚೆ ಶಿಕ್ಷಿಸುವ ಹೊಣೆ ಮುಖ್ಯವಾಗಿ ಹಡಗು ಯಾರ ಧ್ವಜ ಹಾರಿಸುತ್ತದೋ ಆ ದೇಶದ್ದು. ಈ ಹಡಗಿನದು ಕುಕ್ ದ್ವೀಪಗಳ ಧ್ವಜ. ಹಾನಿ ಅನುಭವಿಸಿದ ದೇಶಕ್ಕೂ ವಿಚಾರಣೆಯ ಅಧಿಕಾರ ಬೇಕು. ಭಾರತ ಇದನ್ನು ವಿಶ್ವಸಂಸ್ಥೆಯಲ್ಲಿ ಗಟ್ಟಿಯಾಗಿ ಕೇಳಬೇಕು.

ಮಲ್ಪೆ, ಮಂಗಳೂರಿನ ಟ್ರಾಲ್ ಬೋಟಿನವರಿಗೂ ಒಂದು ಮಾತು ಗೊತ್ತಿರಲಿ. ಮುನ್ನೆಚ್ಚರಿಕೆ ವಹಿಸಿಯೂ ಬಲೆ ಕೇಬಲ್‌ಗೆ ಸಿಕ್ಕಿ, ಕೇಬಲ್ ಉಳಿಸಲು ಬಲೆಯನ್ನೇ ಕಡಿದು ಬಿಟ್ಟಿದ್ದನ್ನು ತೋರಿಸಬಲ್ಲರಾದರೆ, ನಷ್ಟವನ್ನು ಕೇಬಲ್‌ನ ಮಾಲೀಕರು ತುಂಬಿಕೊಡುವಂತೆ ಪ್ರತಿ ದೇಶವೂ ಕಾನೂನು ಮಾಡಬೇಕೆಂದು ಸಮುದ್ರ ಕಾನೂನು ಒಪ್ಪಂದದ 115ನೇ ವಿಧಿ ಹೇಳುತ್ತದೆ. ಬೋಟಿನ ಜಿಪಿಎಸ್ ದಾಖಲೆ, ಸಮಯ, ಬಲೆಯ ಫೋಟೊ ಜೋಪಾನವಾಗಿಡಿ.